ಅಕ್ಕನ ನೆಲ, ಭಾವನ ಬೆಂಕಿ

ಆ ಬೆಳಿಗ್ಗೆ ಬನಶಂಕರಿಯ ಗಿರಿಜಕ್ಕನ ಮನೆಯ ಹಾಲಿನಲ್ಲಿ ನಾವು ನಾಲ್ಕು ಜನ ಇದ್ದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಕೆಂಪು ನೆಲದ ಕಾವಲಿಗೆ ನಿಂತಿದ್ದ ನನ್ನ ಅಕ್ಕ, ದಪ್ಪನೆಯ ಸೂಚನಾ ಪುಸ್ತಕವನ್ನು ಎದೆಗೆ ಅವುಚಿಕೊಂಡಿದ್ದ ಬಸವರಾಜ ಭಾವ, ಕೋಣನಕುಂಟೆಯಿಂದ ಬಂದಿದ್ದ ಕಬ್ಬಿಣದ ಕೆಲಸದ ಮುನಿರಾಜು, ಮತ್ತು ನಾನು. ನಾನು ಯಾಕೆ ಅಲ್ಲಿದ್ದೆ ಎಂದರೆ, ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಭಾರದ ಸಾಮಾನು ಎತ್ತುವುದಿದ್ದರೂ ನನಗೆ ಫೋನು ಬರುತ್ತದೆ. ಎತ್ತುವುದಕ್ಕಲ್ಲ. ಪಕ್ಕದಲ್ಲಿ ನಿಂತು ‘ಹುಷಾರು, ಹುಷಾರು’ ಎನ್ನುವುದಕ್ಕೆ. ಗೋದ್ರೇಜ್ ಬೀರುವಿನಿಂದ ಹಿಡಿದು ಪಿಯಾನೋದವರೆಗೆ ಈ ಕೆಲಸ ಮಾಡಿದ್ದೇನೆ. ಪಿಯಾನೋ ಬಿದ್ದದ್ದು ನಾನು ಕಾಫಿಗೆ ಹೋಗಿದ್ದಾಗ. ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಐದನೆಯವರು ಹೊರಗಿದ್ದರು. ಪೋರ್ಟಿಕೊದಲ್ಲಿ, ಕಾರು ನಿಲ್ಲುವ ಜಾಗದಲ್ಲಿ, ರಟ್ಟು ಸುತ್ತಿಕೊಂಡು, ಒಳಗೆ ಬರಲು ಅಪ್ಪಣೆಗಾಗಿ ಕಾಯುತ್ತಿದ್ದ ಕಬ್ಬಿಣದ ಒಲೆಪೆಟ್ಟಿಗೆ.

ಇದೆಲ್ಲ ಈಗ ನೆನಪಾದದ್ದು ಒಂದು ಫ್ಲೆಕ್ಸ್ ಬ್ಯಾನರ್ ನೋಡಿ. ಮೊನ್ನೆ ನಮ್ಮ ಬಿಟಿಎಂ ಫ್ಲ್ಯಾಟಿಗೆ ಬಣ್ಣ ಬಳಿಯಲು ಬಂದವರು ನೆಲಕ್ಕೆ ಯಾವುದೋ ಟ್ಯೂಷನ್ ಸೆಂಟರಿನ ಹಳೆಯ ಬ್ಯಾನರನ್ನು ಹಾಸತೊಡಗಿದರು. ನಾನು ಒಳಗಿನಿಂದ ಓಡಿ ಬಂದೆ. “ಅಣ್ಣ, ಮೊದಲು ಒಂದು ಬೆಡ್‌ಶೀಟ್ ಹಾಕಿ, ಅದರ ಮೇಲೆ ಇದು.” ಅವರು ನನ್ನನ್ನೂ ನೆಲವನ್ನೂ ನೋಡಿದರು. “ಯಾಕ್ ಸಾರ್? ಟೈಲ್ಸ್ ತಾನೆ?” ಯಾಕೆ ಎಂದು ಅವರಿಗೆ ಹೇಳಲು ಕೂತಿದ್ದರೆ ಅವತ್ತು ಒಂದು ಗೋಡೆಗೂ ಬಣ್ಣ ಬೀಳುತ್ತಿರಲಿಲ್ಲ. ನಿಮಗಾದರೆ ಅವಸರವಿಲ್ಲ ಎಂದುಕೊಂಡಿದ್ದೇನೆ.

ಭಾವ ನೌಕರಿಯ ಮೊದಲ ವರ್ಷಗಳನ್ನು ಊಟಿಯಲ್ಲಿ ಕಳೆದವರು. ಅಲ್ಲಿ ಅವರ ಮ್ಯಾನೇಜರರ ಬಂಗಲೆಯಲ್ಲಿ ಗೋಡೆಯೊಳಗೆ ಒಂದು ಅಗ್ಗಿಷ್ಟಿಕೆ ಇತ್ತಂತೆ. ಒಂದು ಸಂಜೆ ಅದರ ಮುಂದೆ ಕೂತು ಟೀ ಕುಡಿದು ಬಂದ ಭಾವನಿಗೆ, ಮನುಷ್ಯನಾಗಿ ಹುಟ್ಟಿದ ಮೇಲೆ ಸ್ವಂತದ್ದೊಂದು ಬೆಂಕಿ ಇರಬೇಕು ಅನ್ನಿಸಿಬಿಟ್ಟಿತು. ಬನಶಂಕರಿಯಲ್ಲಿ ಮನೆ ಕಟ್ಟಿಸುವಾಗ, ಹೊಸಕೆರೆಹಳ್ಳಿಯ ಕಡೆ ಇನ್ನೂ ರಾಗಿ ಹೊಲಗಳಿದ್ದ ಕಾಲ ಅದು, ಹಾಲಿನ ಗೋಡೆಯಲ್ಲಿ ಫೈರ್‌ಪ್ಲೇಸ್ ಬೇಕೆಂದು ಹಟ ಹಿಡಿದರು. ಮೇಸ್ತ್ರಿ ಅಂಥದ್ದನ್ನು ಕಟ್ಟುವುದಿರಲಿ, ಕಂಡೇ ಇರಲಿಲ್ಲ. ಭಾವ ಕೈಯಾಡಿಸಿ ವಿವರಿಸಿದ್ದನ್ನು ಕೇಳಿ ತನಗೆ ಗೊತ್ತಿದ್ದ ಹಾಗೆ ಒಂದು ದೊಡ್ಡ ದೇವರ ಗೂಡು ಕಟ್ಟಿ, ಮೇಲಕ್ಕೆ ಒಂದು ತೂತು ಬಿಟ್ಟರು.

ಮೊದಲ ಬೆಂಕಿ ಹಚ್ಚಿದ ದಿನ ಹೊಗೆಗೆ ಆ ತೂತು ಕಾಣಲಿಲ್ಲ. ಅದು ನೇರವಾಗಿ ಹಾಲಿಗೆ ಬಂದು ಸೋಫಾದ ಮೇಲೆ ಕೂತಿತು. ಒಳಗೆ ಲಿಂಗಪೂಜೆ ಮಾಡುತ್ತಿದ್ದ ಅಕ್ಕನ ಅತ್ತೆ ಕೆಮ್ಮುತ್ತ ಹೊರಬಂದು, “ಬಸವರಾಜ, ನಾನಿನ್ನೂ ಬದುಕಿದೀನಿ ಕಣೋ, ಇಷ್ಟೊಂದು ಧೂಪ ಯಾಕೆ!” ಎಂದರು. ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ತಂದು, ಯಾರನ್ನೂ ಕೇಳದೆ, ಭಾವನ ಮೇಲೂ ಸ್ವಲ್ಪ ಹಾಕಿದರು. ಅಲ್ಲಿಂದ ಮುಂದೆ ಆ ಗೂಡಿನಲ್ಲಿ ಹಳೆ ಪೇಪರು, ಟಿವಿಯ ಸ್ಟೆಬಿಲೈಸರು, ಮೀನಿನ ತೊಟ್ಟಿ, ಮಗಳ ಬ್ಯಾಡ್ಮಿಂಟನ್ ರ್‍ಯಾಕೆಟ್ಟು, ಎಲ್ಲವೂ ಸರದಿಯ ಮೇಲೆ ವಾಸ ಮಾಡಿದವು. ಬೆಂಕಿಯೊಂದನ್ನು ಬಿಟ್ಟು.

ಅಕ್ಕ ಆ ಗೂಡನ್ನು ಎಷ್ಟು ಹಗುರವಾಗಿ ಕಾಣುತ್ತಿದ್ದಳೋ ಅದರ ಮುಂದಿನ ನೆಲವನ್ನು ಅಷ್ಟೇ ಭಕ್ತಿಯಿಂದ ಕಾಣುತ್ತಿದ್ದಳು. ಅದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಲ್ಲಿ ಗಂಟೆಗಟ್ಟಲೆ ತಿಕ್ಕಿ ತಿಕ್ಕಿ ಹೊಳಪು ತರುವ ಕೆಲಸ. ನೆಲ ಒಣಗುವವರೆಗೆ ಅಕ್ಕ ಬಾಗಿಲಿಗೆ ಅಡ್ಡ ಕೂತಿದ್ದಳಂತೆ, ಸ್ವಂತ ಗಂಡನನ್ನೂ ಹಿತ್ತಿಲ ಕಡೆಯಿಂದ ಒಳಗೆ ಬಿಟ್ಟಳಂತೆ. ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಶನಿವಾರ ಹಳೆಯ ಪಂಚೆಯ ತುಂಡಿನಲ್ಲಿ ಕೊಬ್ಬರಿ ಎಣ್ಣೆ, ಮೇಣ ಹಾಕಿ ಅದಕ್ಕೆ ಅಭ್ಯಂಜನ. ಆ ನೆಲ ನೋಡಿಕೊಂಡು ಹಣೆಗೆ ವಿಭೂತಿ ಇಟ್ಟುಕೊಳ್ಳಬಹುದು.

ಜಾರಿ ಬೀಳಲೂಬಹುದು. ನನ್ನ ಮದುವೆಯ ಮಾತುಕತೆ ನಡೆದದ್ದು ಅದೇ ಹಾಲಿನಲ್ಲಿ. ಹೊಸ ಪ್ಯಾಂಟು ಹಾಕಿಕೊಂಡು ಗಂಭೀರವಾಗಿ ಒಳಗೆ ಬಂದವನು, ಬಾಗಿಲಿನಿಂದ ಭಾವೀ ಮಾವನವರ ಪಾದದವರೆಗಿನ ದೂರವನ್ನು ಒಂದೇ ಜಾರಿನಲ್ಲಿ ಕ್ರಮಿಸಿ, ಅವರ ಎರಡೂ ಕಾಲು ಹಿಡಿದುಕೊಂಡು ನಿಂತೆ, ಅಂದರೆ ಮಲಗಿದೆ. “ಏಳಪ್ಪ, ಏಳು. ಈ ಕಾಲದಲ್ಲಿ ಸಾಷ್ಟಾಂಗ ಮಾಡೋರು ಎಲ್ಲಿದಾರೆ!” ಎಂದು ಅವರು ಕಣ್ಣೊರೆಸಿಕೊಂಡರು. ಇವತ್ತಿಗೂ ಬೀಗರ ಪೈಕಿ ನನ್ನ ಸಂಸ್ಕಾರದ ಬಗ್ಗೆ ಒಳ್ಳೆಯ ಮಾತಿದೆ. ಅದೆಲ್ಲ ಕೊಬ್ಬರಿ ಎಣ್ಣೆಯ ಪ್ರಭಾವ ಎಂದು ನಾನು ಯಾರಿಗೂ ಹೇಳಿಲ್ಲ.

ಭಾವನಿಗೆ ಎಪ್ಪತ್ತು ದಾಟಿದ ಮೇಲೆ ಎಲ್ಲಿಂದಲೋ ಈ ಒಲೆಪೆಟ್ಟಿಗೆಯ ಸುದ್ದಿ ಸಿಕ್ಕಿತು. ಹಳೆಯ ಅಗ್ಗಿಷ್ಟಿಕೆಯ ಗೂಡಿನೊಳಗೆ ಡ್ರಾಯರಿನ ಹಾಗೆ ತಳ್ಳಿ ಕೂರಿಸುವ ಎರಕದ ಕಬ್ಬಿಣದ ಪೆಟ್ಟಿಗೆ. ಮುಂದೆ ಗಾಜಿನ ಬಾಗಿಲು, ಒಳಗೆ ಕಟ್ಟಿಗೆಯ ಉರಿ, ಹೊಗೆ ಉಕ್ಕಿನ ಕೊಳವೆ ಹಿಡಿದು ಚಿಮಣಿಯ ಮೂಲಕ ಆಕಾಶಕ್ಕೆ. “ಹಾಲಿಗೆ ಒಂದೆಳೆ ಹೊಗೆ ಬರಲ್ಲ ಗಿರಿಜಾ” ಎಂದರು ಭಾವ, ಮಕ್ಕಳು ನಾಯಿಮರಿ ಕೇಳುವ ದನಿಯಲ್ಲಿ. ಬೆಂಗಳೂರಿನ ಚಳಿಗೆ ಇದೆಲ್ಲ ಬೇಕೆ ಎಂದು ನೀವು ಕೇಳಬಹುದು. ಡಿಸೆಂಬರಿನ ಬೆಳಿಗ್ಗೆ ಜೆಪಿ ನಗರದ ಪಾರ್ಕಿಗೆ ಬಂದು, ಮಂಕಿ ಕ್ಯಾಪಿನೊಳಗಿನ ಕಣ್ಣುಗಳನ್ನು ಕೇಳಿ ನೋಡಿ.

ಅಕ್ಕ ಒಪ್ಪಿದಳು. ಒಂದು ಷರತ್ತಿನ ಮೇಲೆ. “ನನ್ನ ನೆಲಕ್ಕೆ ಒಂದು ಗೀರು ಬಿದ್ರೂ, ಒಂದು ಕಲೆ ಆದ್ರೂ, ಆ ಪೆಟ್ಟಿಗೆ ಬಂದ ದಾರೀಲೇ ವಾಪಸ್. ಆಮೇಲೆ ಈ ಮನೇಲಿ ಬೆಂಕಿ ಮಾತು ಯಾರೂ ಎತ್ತಬಾರದು.”

“ಆಯ್ತು” ಎಂದರು ಭಾವ. ಜೀವಮಾನದಲ್ಲಿ ಅವರು ಅಷ್ಟು ಬೇಗ ಒಪ್ಪಿದ್ದನ್ನು ನಾನು ನೋಡಿಲ್ಲ.

ಆದರೆ ಸೂಚನಾ ಪುಸ್ತಕ ಒಪ್ಪಿರಲಿಲ್ಲ. ಒಲೆಯ ಬಾಗಿಲ ಮುಂದೆ, ನೆಲದ ಮೇಲೆ, ಬೆಂಕಿ ಹಿಡಿಯದ ಕಲ್ಲಿನ ಚಪ್ಪಡಿ ಹಾಸಲೇಬೇಕು ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು.

“ನನ್ನ ನೆಲದ ಮೇಲೆ ಕಲ್ಲಾ? ಗಾಜಿನ ಬಾಗಿಲು ಇದ್ದ ಮೇಲೆ ಕೆಂಡ ಹೆಂಗ್ರೀ ಹೊರಗೆ ಹಾರತ್ತೆ?”

“ಕಟ್ಟಿಗೆ ಹಾಕೋವಾಗ ಬಾಗಿಲು ತೆಗೀಬೇಕಲ್ಲ.”

“ತೆಗೀಬೇಡಿ.”

ಭಾವ ಪುಸ್ತಕ ಮುಚ್ಚಿದರು. “ನೋಡು, ಕಲ್ಲಿಲ್ಲದೆ ನಾನು ಹಚ್ಚಲ್ಲ. ನಿನ್ನ ನೆಲ ಸುಟ್ಟು ನಾನು ಚಳಿ ಕಾಯಿಸ್ಕೊಳ್ಳಲ್ಲ” ಎಂದರು. ಮೊದಲು ಪೆಟ್ಟಿಗೆ ಒಳಗೆ ಬರಲಿ, ಕಲ್ಲಿನ ವಿಚಾರ ಆಮೇಲೆ ಎಂದು ಇಬ್ಬರೂ ಅಲ್ಲಿಗೆ ಬಿಟ್ಟರು. ನಮ್ಮ ಮನೆಗಳಲ್ಲಿ ದೊಡ್ಡ ಜಗಳಗಳೆಲ್ಲ ಹೀಗೇ ‘ಆಮೇಲೆ’ ಎಂಬ ಡಬ್ಬಿಯಲ್ಲಿ ಶೇಖರವಾಗುತ್ತವೆ.

ನಮ್ಮಮ್ಮನಿಗೆ ಇಂಥ ತೊಂದರೆ ಇರಲಿಲ್ಲ. ನಾವು ಹುಡುಗರಾಗಿದ್ದಾಗ ಇದ್ದದ್ದು ವಠಾರದ ಮನೆ. ಬಚ್ಚಲಲ್ಲಿ ಹಂಡೆ, ಹಂಡೆಯ ಕೆಳಗೆ ಒಲೆ. ಚಳಿಗಾಲದ ಬೆಳಿಗ್ಗೆ ಹಲ್ಲುಜ್ಜುವ ನೆಪದಲ್ಲಿ ನಾನೂ ಅಕ್ಕನೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ತೆಂಗಿನ ಚಿಪ್ಪು ಹಾಕಿದರೆ ಎಣ್ಣೆ ಕುದಿದು ಸುಯ್ ಎನ್ನುವ ಸದ್ದು, ಮುಖ ಬೇಯುತ್ತಿದ್ದರೆ ಬೆನ್ನು ನಡುಗುವ ಸುಖ. ಕೆಂಡ ನೆಲಕ್ಕೆ ಬಿದ್ದರೆ ಅಮ್ಮ ಒಂದು ಚೊಂಬು ನೀರು ಎರಚುತ್ತಿದ್ದಳು. ಅರ್ಧ ಕೆಂಡಕ್ಕೆ, ಅರ್ಧ ನಮಗೆ. ನೆಲದ ಬಗ್ಗೆ ಅಷ್ಟೊಂದು ಜಾಗ್ರತೆ ಅಕ್ಕನಿಗೆ ಎಲ್ಲಿಂದ ಬಂತೋ, ಅಮ್ಮನಿಂದಂತೂ ಅಲ್ಲ.

ಇರಲಿ, ಹಾಲಿಗೆ ಬರೋಣ. ಪೆಟ್ಟಿಗೆ ಒಳಗೆ ಬರಬೇಕು, ಚಿಮಣಿಯ ಇಕ್ಕಟ್ಟು ಒಡೆಯಬೇಕು, ಗಾರೆ ಕಲೆಸಬೇಕು. ಹಾಗಾಗಿ ಬಾಗಿಲಿನಿಂದ ಗೂಡಿನವರೆಗೆ ನೆಲಕ್ಕೆ ಹೊದಿಕೆ ಬೇಕು. ಮುನಿರಾಜು ಗೋಣಿಚೀಲ ಹಾಸಲು ಬಗ್ಗಿದರು. ಅವರು ಕೋಣನಕುಂಟೆಯ ಹಳೆಯ ಒಕ್ಕಲು ಮನೆತನದವರು. ಹೊಲ ಸೈಟುಗಳಾದ ಮೇಲೆ ವರ್ಕ್‌ಶಾಪ್ ಇಟ್ಟವರು, ಮಾತಿನಲ್ಲಿ ಮಾತ್ರ ಇನ್ನೂ ಎಕರೆಗಟ್ಟಲೆ ಜಮೀನಿರುವವರು.

“ಗೋಣಿಯೊಳಗೆ ಮರಳಿರತ್ತೆ, ಗೀರತ್ತೆ” ಎಂದಳು ಅಕ್ಕ.

“ಅಕ್ಕಾ, ಮುನಿರಾಜು ಕೈ ಹಾಕಿದ ಮನೇಲಿ ಇರುವೆ ಕೂಡ ಗೀರಲ್ಲ. ತಲೆ ಕೆಡಿಸ್ಕೋಬೇಡಿ.”

“ತಲೆ ನಂದು, ನೆಲಾನೂ ನಂದು.”

ಹಳೆಯ ನೂಲಿನ ಸೀರೆಗಳು ಬಂದವು. ಆದರೆ ಗಾರೆಯ ನೀರು ಸೀರೆ ದಾಟಿ ಇಳಿದರೆ? ಅದಕ್ಕೆ ಮುನಿರಾಜು ಟೆಂಪೊದಿಂದ ಒಂದು ದೊಡ್ಡ ಫ್ಲೆಕ್ಸ್ ಸುರುಳಿ ತಂದು, ಜಮಖಾನ ಬಿಡಿಸುವ ಠೀವಿಯಲ್ಲಿ ಬಿಡಿಸಿದರು. ಒಂದು ತೊಟ್ಟು ನೀರು ಇಳಿಯಲ್ಲ ಎಂದರು. ಬಿಡಿಸುತ್ತ ಹೋದ ಹಾಗೆ ಮೊದಲು ‘ಶುಭಾಶಯಗಳು’ ಕಾಣಿಸಿತು, ಆಮೇಲೆ ‘ಹುಟ್ಟುಹಬ್ಬದ’, ಆಮೇಲೆ ಅಂಚಿನಲ್ಲಿ ಸಾಲಾಗಿ ಅಂಚೆಚೀಟಿಯಷ್ಟು ತಲೆಗಳು, ಕೊನೆಗೆ ಗೂಡಿನ ಬುಡದಲ್ಲಿ ಕಪ್ಪು ಕನ್ನಡಕ, ಹುರಿಮೀಸೆ, ಮುಗಿದ ಕೈ, ಕತ್ತಿನಲ್ಲಿ ಚಿನ್ನದ ಸರ.

“ಇದ್ಯಾರಪ್ಪ?”

“ನಮ್ಮಕ್ಕನ ಮಗ ಮಂಜು, ಅಕ್ಕಾ. ಲೀಡರ್ ಆಗ್ತಾವ್ನೆ. ನಮ್ ಕಡೆ ಸಖತ್ ಹೆಸರು.”

ಅಕ್ಕ ಹಿಂದೆ ಸರಿದಳು. “ಯಾರೋ ಹೆತ್ತ ಮಗು ಕೈ ಮುಗ್ಕೊಂಡು ನಿಂತಿದೆ. ಅದರ ಮುಖ ತುಳ್ಕೊಂಡು ಓಡಾಡೋದಾ? ಮೊದಲು ಮಗುಚಿ ಹಾಕು.”

“ಅಯ್ಯೋ ಅಕ್ಕಾ, ಅವ್ನೇ ಏನೂ ಅನ್ಕೊಳ್ಳಲ್ಲ.”

“ನಾನು ಅನ್ಕೋತೀನಿ.”

ಅವಳೇ ಒಂದು ತುದಿ ಹಿಡಿದಳು, ನಾನು ‘ಹುಷಾರು’ ಎಂದೆ, ಮಂಜು ಬೋರಲಾಗಿ ಮಲಗಿದರು. ಬಿಳಿಯ ಬೆನ್ನು ಮೇಲೆ. ಅದರ ಮೇಲೆ ಸೀರೆ, ಗೋಣಿ, ಪ್ಲೈವುಡ್. ನಾಲ್ಕು ಪದರದ ಆ ಹಾಸಿಗೆ ನೋಡಿ ಭಾವ, “ನಮ್ಮ ಮದುವೇಲೂ ಇಷ್ಟು ಮೆತ್ತಗೆ ಹಾಸಿರಲಿಲ್ಲ” ಎಂದರು. ಇನ್ನೊಂದು ವಿಷಯ. ಮಕ್ಕಳನ್ನು ದೂರ ಕಳಿಸುವ ಮುಂಚೆ ತಲೆಗೆ ಎಣ್ಣೆ ಒತ್ತುತ್ತಾರಲ್ಲ, ಹಾಗೆ ಅಕ್ಕ ಹಿಂದಿನ ಸಂಜೆ ನೆಲಕ್ಕೆ ಎಂದಿಗಿಂತ ಎರಡರಷ್ಟು ಎಣ್ಣೆ, ಮೇಣ ಹಚ್ಚಿದ್ದಳು. ಕಷ್ಟಕಾಲ ಬರುತ್ತಿದೆ, ಶಕ್ತಿ ಇರಲಿ ಎಂದು.

ಕೆಲಸ ಆ ವಾರವೆಲ್ಲ ನಡೆಯಿತು. ಗೂಡಿನ ಗಂಟಲು ಒಡೆದಾಗ ನಲವತ್ತು ವರ್ಷದ ಧೂಳು, ಒಂದು ಶಟಲ್ ಕಾಕು, ಎರಡು ಪಾರಿವಾಳದ ಗೂಡು ಬಿದ್ದವು. ತಾರಸಿಯಿಂದ ಉಕ್ಕಿನ ಕೊಳವೆ ಇಳಿಯಿತು. ಪೆಟ್ಟಿಗೆಯನ್ನು ಉರುಳು ಕೊಳವೆಗಳ ಮೇಲೆ ತಳ್ಳಲು ಅಕ್ಕ ಬಿಡಲಿಲ್ಲ. ಕಂಬಳಿಯ ಮೇಲೆ ಕೂರಿಸಿ, ಮುಂದಿನಿಂದ ವರ್ಕ್‌ಶಾಪಿನ ಇಬ್ಬರು ಹುಡುಗರು ಎಳೆದು, ಹಿಂದಿನಿಂದ ಮುನಿರಾಜು ತಳ್ಳಿ, ಮಧ್ಯದಲ್ಲಿ ನಾನು ‘ಹುಷಾರು’ ಎಂದು, ಮೆರವಣಿಗೆಯ ಹಾಗೆ ಒಳಗೆ ತಂದೆವು. ಪೆಟ್ಟಿಗೆ ಗೂಡಿನೊಳಗೆ ಕೂತಾಗ ಭಾವ ಅದರ ಗಾಜನ್ನು ಪಂಚೆಯ ತುದಿಯಲ್ಲಿ ಒರೆಸಿ, ಒಳಗೆ ಏನೂ ಇಲ್ಲದಿದ್ದರೂ ಬಗ್ಗಿ ಬಗ್ಗಿ ನೋಡಿದರು.

ಶನಿವಾರ ಹೊದಿಕೆ ತೆಗೆದೆವು. ಪ್ಲೈವುಡ್ ಹೋಯಿತು, ಗೋಣಿ ಹೋಯಿತು, ಸೀರೆ ಹೋಯಿತು. “ನೋಡ್ಕೊಳ್ಳಿ ಅಕ್ಕಾ, ಒಂದು ತೊಟ್ಟು ನೀರು?” ಎಂದು ಮುನಿರಾಜು ಮೀಸೆ ತಿರುವಿದರು. ಅಕ್ಕನ ಮುಖದಲ್ಲಿ ನಗು ಬರುವ ಹೊತ್ತು. ಆಗ ಫ್ಲೆಕ್ಸ್ ಎತ್ತಿದರು. ಅದು ಸುಮ್ಮನೆ ಏಳಲಿಲ್ಲ. ಹಳೆಯ ಪ್ಲಾಸ್ಟರ್ ಕಿತ್ತ ಹಾಗೆ ಚರ್ರೆಂದು ಸದ್ದು ಮಾಡುತ್ತ ಎದ್ದಿತು.

ಮಂಜು ನೆಲದಲ್ಲೇ ಉಳಿದುಕೊಂಡಿದ್ದರು.

ಎಣ್ಣೆ, ಮೇಣ, ಮೇಲಿನ ಭಾರ, ಎಲ್ಲ ಸೇರಿ ಬ್ಯಾನರಿನ ಬಣ್ಣವನ್ನು ಹೀರಿಕೊಂಡುಬಿಟ್ಟಿದ್ದವು. ಕಪ್ಪು ಕನ್ನಡಕ, ಹುರಿಮೀಸೆ, ಮುಗಿದ ಕೈ, ಬಾಗಿಲಿನ ಕಡೆಗೆ ಹಿಂದುಮುಂದಾಗಿ ಓಡುತ್ತಿದ್ದ ‘ಶುಭಾಶಯಗಳು’. ನನಗೆ ನಗು ಬಂತು, ಕೆಮ್ಮಾಗಿ ಪರಿವರ್ತಿಸಿಕೊಂಡೆ. ಅಕ್ಕ ಕೂತು ಸೆರಗಿನಿಂದ ಒರೆಸಿದಳು. ಆಮೇಲೆ ಸೀಗೆಪುಡಿ, ನಿಂಬೆಹಣ್ಣು, ಹುಣಸೆ, ಸೀಮೆಎಣ್ಣೆ, ಒಂದಾದ ಮೇಲೊಂದು. ನಾವೆಲ್ಲ ಮಂಡಿಯೂರಿ ತಿಕ್ಕಿದೆವು. ಅಕ್ಷರಗಳು ಹೋದವು, ಅಂಚೆಚೀಟಿ ತಲೆಗಳು ಹೋದವು, ಚಿನ್ನದ ಸರ ಕೂಡ ಹೋಯಿತು. ಗೂಡಿನ ಬುಡದ ಕನ್ನಡಕ, ಮೀಸೆ, ಕೈಗಳು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಭಾವ ಎದ್ದು ನಿಂತರು. “ಮುನಿರಾಜು, ಪೆಟ್ಟಿಗೆ ಈಚೆಗೆ ತೆಗೀಬೋದಾ?”

“ಯಾಕ್ ಸಾರ್? ಈಗ ತಾನೆ ಕೂರ್ಸಿದೀವಿ!”

“ಮಾತು ಕೊಟ್ಟಿದೀನಪ್ಪ. ಕಲೆ ಆದ್ರೆ ವಾಪಸ್ ಅಂತ.”

ಅಷ್ಟು ಹೇಳಿ ಅವರು ಸೂಚನಾ ಪುಸ್ತಕವನ್ನು ಅದರ ಪ್ಲಾಸ್ಟಿಕ್ ಚೀಲಕ್ಕೆ ಹಾಕತೊಡಗಿದರು. ಚೀಲದ ಬಾಯಿ ಒಂದಕ್ಕೊಂದು ಅಂಟಿಕೊಂಡು ತೆರೆಯುತ್ತಲೇ ಇರಲಿಲ್ಲ. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಅಕ್ಕ ನೆಲದಿಂದ ತಲೆಯೆತ್ತದೆ ಕೇಳಿದಳು: “ಫ್ಲೆಕ್ಸ್ ಮಗುಚಿ ಹಾಕು ಅಂದೋರು ಯಾರು?”

ನಾನು ಚಾವಣಿ ನೋಡಿದೆ, ಮುನಿರಾಜು ಫ್ಲೆಕ್ಸ್ ಸುತ್ತತೊಡಗಿದರು.

“ಯಾಕೆ, ಎಲ್ಲಾರೂ ಮೌನವ್ರತ ಹಿಡಿದಿದೀರಾ? ನಾನೇ ತಾನೆ? ಎರಡರಷ್ಟು ಎಣ್ಣೆ ಬಳಿದೋಳೂ ನಾನೇ. ಆ ಪೆಟ್ಟಿಗೆ ಏನು ಮಾಡ್ತು ಪಾಪ?” ಎಂದು ಸೊಂಟ ಹಿಡಿದುಕೊಂಡು ಎದ್ದಳು. “ರೀ, ಆ ಪುಸ್ತಕ ಇಲ್ಲಿ ತನ್ನಿ. ಕಲ್ಲು ಎಷ್ಟಗಲ ಇರಬೇಕಂತೆ?”

ಭಾವ ಓದಿದರು. ಮುನಿರಾಜು ಟೇಪು ಹಿಡಿದು ಅಳೆದರು. ಕಲ್ಲು ಸರಿಯಾಗಿ ಕನ್ನಡಕದಿಂದ ಮುಗಿದ ಕೈಗಳವರೆಗೆ ಮುಚ್ಚುತ್ತಿತ್ತು. “ಮುಗೀತಲ್ಲ ಅಕ್ಕಾ! ಒಂದೇ ಏಟಿಗೆ ಎರಡೂ!” ಎಂದರು ಮುನಿರಾಜು.

ಮುಗಿಯಲಿಲ್ಲ. ಅಕ್ಕ ಮತ್ತೆ ನಿಂತಳು. “ತುಳಿಯೋದೇ ಬೇಡ ಅಂದೋಳು ನಾನು. ಈಗ ಬದುಕಿರೋ ಮನುಷ್ಯನ ಮುಖದ ಮೇಲೆ ಕಲ್ಲು ಎಳೆದು, ಪಕ್ಕದಲ್ಲಿ ಬೆಂಕಿ ಹಾಕೋದಾ? ಅವರಮ್ಮ ಕೇಳಿದ್ರೆ ಏನನ್ಕೊಳ್ಳಲ್ಲ? ಆ ಹುಡುಗನ್ನ ಕೇಳದೆ ನಾನು ಒಪ್ಪಲ್ಲ.”

ಮುನಿರಾಜು ಫೋನು ತೆಗೆದು ಸ್ಪೀಕರಿಗೆ ಹಾಕಿದರು.

“ಹೇಳು ಮಾಮ, ಮೀಟಿಂಗಲ್ಲಿದೀನಿ.”

“ಲೇ ಮಂಜಾ, ಬನಶಂಕರೀಲಿ ಒಬ್ರು ಮನೇಲಿ ನಿನ್ ಮುಖ ನೆಲಕ್ಕೆ ಅಂಟ್ಕೊಂಡೈತೆ ಕಣೋ. ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ.”

“ಯಾವ ವಾರ್ಡು ಮಾಮ?”

ಅಕ್ಕ ಫೋನು ಕಿತ್ತುಕೊಂಡಳು. “ನೋಡಪ್ಪ ಮಗು, ಬೇಜಾರ್ ಮಾಡ್ಕೋಬೇಡ” ಎಂದು ಆದಿಯಿಂದ ಅಂತ್ಯದವರೆಗೆ, ಎಣ್ಣೆಯ ಬ್ರ್ಯಾಂಡ್ ಸಮೇತ, ಎಲ್ಲ ಹೇಳಿದಳು. ಆ ಕಡೆ ಮೀಟಿಂಗು ಏನಾಯಿತೋ.

“ಆಂಟಿ, ನೀವು ಕಲ್ಲು ಹಾಕ್ಸಿ ಆಂಟಿ” ಎಂದರು ಮಂಜು. “ನನ್ ಬ್ಯಾನರು ಮಡಿವಾಳ ಮಾರ್ಕೆಟಲ್ಲಿ ಈರುಳ್ಳಿ ಮೇಲೆ ಹೊದ್ಸಿದಾರೆ. ನಮ್ಮೂರಲ್ಲೇ ಒಬ್ಬ ಎಮ್ಮೆ ಕೊಟ್ಟಿಗೆಗೆ ಮರೆ ಮಾಡ್ಕೊಂಡವ್ನೆ. ಯಾರೂ ಒಂದ್ ಮಾತು ಕೇಳಿಲ್ಲ. ಕೇಳಿದ್ದು ನೀವೊಬ್ರೇ. ನಿಮ್ಮನೇಲಾದ್ರೆ ಬೆಚ್ಚಗಿರ್ತೀನಿ ಬಿಡಿ.”

“ಒಳ್ಳೇ ಹುಡುಗ” ಎಂದಳು ಅಕ್ಕ, ಕರಗಿ. “ಊಟ ಆಯ್ತೇನಪ್ಪ?”

ಸೋಮವಾರ ಬೂದು ಬಣ್ಣದ ಕಲ್ಲು ಬಂತು. ಅಂಚು ಉಜ್ಜಿ ದುಂಡಗೆ ಮಾಡಿಸಿದ್ದರು. ಗಾರೆ ಹಾಕಬೇಡ, ಜರಡಿ ಹಿಡಿದ ಮರಳಿನ ಮೇಲೆ ಸುಮ್ಮನೆ ಕೂರಿಸು ಎಂದು ಅಕ್ಕ ಅಪ್ಪಣೆ ಮಾಡಿದಳು. ಕೆಳಗಿರುವುದು ಇನ್ನೂ ಅವಳ ನೆಲವೇ. ಮುನಿರಾಜು ಚಪ್ಪಡಿ ಇಳಿಸುವಾಗ ಅವಳು ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ನಾನು ‘ಹುಷಾರು’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಲ್ಲು ಕೂತಿತ್ತು.

ಡಿಸೆಂಬರಿನ ಮೊದಲ ಚಳಿಗೆ ಭಾವ ಸಂಜೆ ಫೋನು ಮಾಡಿ ಕರೆದರು. ಹೋದೆ. ಅವರೇ ಬಗ್ಗಿ ಕಡ್ಡಿ ಗೀರಿದರು. ಉರಿ ಹತ್ತಿತು, ಹೊಗೆ ಮೇಲಕ್ಕೆ ಹೋಯಿತು. ಭಾವ ಕುರ್ಚಿಯಲ್ಲಿ ಎರಡೂ ಅಂಗೈ ಗಾಜಿನ ಕಡೆ ಚಾಚಿ ಕೂತರು. ಅಡುಗೆಮನೆಯಲ್ಲಿ ಅಕ್ಕ ಅವರೆಕಾಳು ಹಿಸುಕುತ್ತಿದ್ದಳು. ಭಾವ ಇನ್ನೊಂದು ಕಟ್ಟಿಗೆ ಹಾಕಲು ಬಾಗಿಲು ತೆರೆದಾಗ ಒಂದು ಕಿಡಿ ಟಪ್ಪೆಂದು ಹಾರಿ ಕಲ್ಲಿನ ಮೇಲೆ ಬಿತ್ತು. ಅಕ್ಕ ಒದ್ದೆ ಬಟ್ಟೆ ಹಿಡಿದು ಓಡಿ ಬಂದಳು, ಅದನ್ನು ಒರೆಸಿದಳು, ಕಲ್ಲಿನ ಸುತ್ತಲ ನೆಲವನ್ನು ಕೈಯಿಂದ ಸವರಿ ನೋಡಿದಳು. ಆಮೇಲೆ ಎದ್ದು ಹೋಗಲಿಲ್ಲ. ಅಲ್ಲೇ ಭಾವನ ಕುರ್ಚಿಯ ಪಕ್ಕ ಕಾಲು ಚಾಚಿ ಕೂತು, “ಇನ್ನೊಂದು ಹಾಕಿ, ಸಣ್ಣದು ಬೇಡ” ಎಂದಳು. ಭಾವ ದೊಡ್ಡದೊಂದನ್ನು ಹುಡುಕಿ ಹಾಕಿದರು.

ನಾನು ಬರ್ತೀನಿ ಎಂದೆ. ಇಬ್ಬರಿಗೂ ಕೇಳಿಸಲಿಲ್ಲ. ಗೇಟು ನಾನೇ ಹಾಕಿಕೊಂಡು ಬಂದೆ.